ಇಪ್ಪತ್ಮೂರು ‘ಇಲ್ಲ’, ಒಂದು ‘ಹೌದು’

ಪ್ಲಗ್ಗಮ್ಮನನ್ನು ಹೊಸದಾಗಿ ಕಂಡವರು ಮಹಾ ಭಕ್ತೆ ಎಂದುಕೊಳ್ಳುವುದಿತ್ತು. ತರಬೇತಿ ಸಂಸ್ಥೆಗೆ ಪತ್ರವ್ಯವಹಾರ ಕಲಿಸಲು ಬಂದ ಮೇಷ್ಟರೊಬ್ಬರು ತಮ್ಮ ಮೊದಲ ವಾರದಲ್ಲಿ ಒಂದು ಬೆಳಿಗ್ಗೆ ಕಂಪ್ಯೂಟರ್ ಕೋಣೆಯ ಕಿಟಕಿಯಲ್ಲಿ ಇಣುಕಿದರು. ಒಳಗೆ ಐವತ್ತೆಂಟರ ಆಸುಪಾಸಿನ ಹೆಂಗಸೊಬ್ಬರು ಒಂದೊಂದೇ ಯಂತ್ರದ ಮುಂದೆ ನಿಂತು, ಅದರ ನೆತ್ತಿಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಿದ್ದರು. ಒಂದು ಮುಗಿಯಿತೆಂದರೆ ಪಕ್ಕದ್ದು. ಹೀಗೆ ಇಪ್ಪತ್ನಾಲ್ಕು. ಮೇಷ್ಟರು ಕಿಟಕಿಯಾಚೆಯೇ ಚಪ್ಪಲಿ ಕಳಚಿದರು. ಆ ತಿಂಗಳ ಸಿಬ್ಬಂದಿ ಸಭೆಯಲ್ಲಿ ಅವರು ‘ದುಡಿಮೆಯಲ್ಲಿ ಶ್ರದ್ಧೆ’ ಎಂಬ ವಿಷಯವಾಗಿ ಇಪ್ಪತ್ತು ನಿಮಿಷ ಮಾತಾಡಿ, ಈ ದೃಶ್ಯವನ್ನು ಬಣ್ಣಿಸಿ, ಎರಡು ಕಡೆ ದನಿ ನಡುಗಿಸಿ ಕೂತರು.

ಸಭೆ ಮುಗಿದ ಮೇಲೆ ಪ್ಲಗ್ಗಮ್ಮ ಅವರ ಹತ್ತಿರ ಬಂದರು.

“ಮೇಷ್ಟ್ರೇ, ನಾನು ಎಣಿಸ್ತಾ ಇದ್ದೆ.”

“ಏನನ್ನ?”

“ಸೆಕೆಂಡು. ಸ್ವಿಚ್ ಹಾಕಿದ್ಮೇಲೆ ಪರದೆ ಬರೋಕೆ ಎಷ್ಟಾಗುತ್ತೆ ಅಂತ. ಕೈ ಇಟ್ರೆ ಫ್ಯಾನು ತಿರುಗೋದು ಗೊತ್ತಾಗುತ್ತೆ. ಹದಿನೆಂಟು ದಾಟ್ತು ಅಂದ್ರೆ ಅವತ್ತು ಅದಕ್ಕೆ ಏನೋ ಆಗಿದೆ ಅಂತ ಲೆಕ್ಕ.” ಸ್ವಲ್ಪ ತಡೆದು, “ಭಾಷಣ ಚೆನ್ನಾಗಿತ್ತು ಬಿಡಿ” ಎಂದು ಸಮಾಧಾನವನ್ನೂ ಹೇಳಿದರು.

ಆ ಮೇಷ್ಟರೇ ಇದನ್ನು ಬರೆಯುತ್ತಿರುವುದು ಎಂದು ಇಲ್ಲೇ ಒಪ್ಪಿಕೊಂಡು, ಅವರನ್ನು ಕಥೆಯಿಂದ ಆಚೆ ಕಳಿಸಿಬಿಡುವುದು ಎಲ್ಲರಿಗೂ ಕ್ಷೇಮ.

ಪ್ಲಗ್ಗಮ್ಮ ಎಂಬ ಬಿರುದು ಅವರಿಗೆ ಬಂದದ್ದು ಅವರು ಕೇಳುತ್ತಿದ್ದ ಮೊದಲ ಪ್ರಶ್ನೆಯಿಂದ. ಕಂಪ್ಯೂಟರ್ ಕೆಟ್ಟಿದೆ ಎಂದು ಯಾರೇ ಓಡಿ ಬರಲಿ, ಅವರು ತಲೆ ಎತ್ತದೆ, “ಪ್ಲಗ್ ನೋಡಿದ್ರಾ?” ಎನ್ನುತ್ತಿದ್ದರು. ಬಂದವರಲ್ಲಿ ಅರ್ಧ ಜನ ಅಲ್ಲಿಂದಲೇ ಹಿಂದಕ್ಕೆ ಹೋಗುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ. ಒಮ್ಮೆ ಪ್ರಾಂಶುಪಾಲರೇ ಹಾಗೆ ಹಿಂದಿರುಗಿದ್ದರು. ಅಂದಿನಿಂದ ಅವರು ತಮ್ಮ ಕಂಪ್ಯೂಟರಿನ ವಿಚಾರವಾಗಿ ಪ್ಲಗ್ಗಮ್ಮನಿಗೆ ಜವಾನನ ಕೈಲಿ ಚೀಟಿ ಕಳಿಸುತ್ತಿದ್ದರು. ಚೀಟಿಯ ಕೊನೆಗೆ ‘ಪ್ಲಗ್ ನೋಡಲಾಗಿದೆ’ ಎಂದು ಷರಾ ಇರುತ್ತಿತ್ತು.

ಈ ಅಭ್ಯಾಸ ಹಳೆಯದು. ಈ ಸಂಸ್ಥೆಗೆ ಬರುವ ಮೊದಲು ಹದಿನೆಂಟು ವರ್ಷ ಪ್ಲಗ್ಗಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ತಲೆಗೆ ಪಟ್ಟಿ, ಕಿವಿಗೆ ಬಟ್ಟಲು, ಎದುರಿಗೆ ತೂತುಗಳ ಹಲಗೆ. ಯಾರನ್ನು ಯಾರಿಗೆ ಸೇರಿಸಬೇಕೋ ಆ ತೂತಿಗೆ ಈ ವೈರು. ಒಂದು ದಿನ ಕೈಯಲ್ಲಿ ಫಾರಂ ಹಿಡಿದ ಅಧಿಕಾರಿಯೊಬ್ಬರು ಬಂದು, ಹಲಗೆಯನ್ನು ಒಮ್ಮೆ ನೋಡಿ, ‘ಅಗತ್ಯವಿರುವ ಸಿಬ್ಬಂದಿ’ ಎಂಬ ಕಾಲಮ್ಮಿನಲ್ಲಿ ಸೊನ್ನೆ ಬರೆದು, ಅಲ್ಲೇ ನಿಂತು ಕಾಫಿ ಕುಡಿದು ಹೋದರು. ಒಟ್ಟು ಅರ್ಧ ಗಂಟೆ. ಹನ್ನೊಂದು ಜನ ಹೆಂಗಸರು ಹನ್ನೊಂದು ಕಚೇರಿಗಳಿಗೆ ಚದುರಿಹೋದರು. ಆ ಅರ್ಧ ಗಂಟೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಪ್ಲಗ್ಗಮ್ಮನೂ ಬಿಡಲಿಲ್ಲ. ಕಾಫಿ ಲೋಟ ತೊಳೆದಿಟ್ಟದ್ದು ಅವರೇ.

ಅವರ ಪಾಲಿಗೆ ಬಂದದ್ದು ಈ ತರಬೇತಿ ಸಂಸ್ಥೆ. ಎರಡನೇ ಮಹಡಿಯ ಉದ್ದನೆಯ ಕೋಣೆ, ಆರಾರು ಯಂತ್ರಗಳ ನಾಲ್ಕು ಸಾಲು, ಬಾಗಿಲ ಪಕ್ಕ ಅವರ ಮೇಜು. ಕೆಲಸದ ಹೆಸರು ‘ಪ್ರಯೋಗಾಲಯ ಸಹಾಯಕಿ’. ಸಹಾಯ ಮಾಡಲು ಅಲ್ಲಿ ಮೇಲಿನವರು ಯಾರೂ ಇಲ್ಲದ್ದರಿಂದ ಎಲ್ಲವನ್ನೂ ಅವರೇ ಮಾಡುತ್ತಿದ್ದರು. ಹತ್ತೊಂಬತ್ತು ವರ್ಷಗಳಲ್ಲಿ ಯಂತ್ರಗಳು ಮೂರು ತಲೆಮಾರು ಬದಲಾಗಿದ್ದವು. ಈಗಿನ ತಲೆಮಾರಿನಲ್ಲಿ ಇಪ್ಪತ್ಮೂರು ಗಟ್ಟಿಮುಟ್ಟಾದವು. ಇಪ್ಪತ್ನಾಲ್ಕನೆಯದು ಮೂಲೆಯಲ್ಲಿತ್ತು. ಅದರ ಹೆಸರು ಅಜ್ಜ. ಅಜ್ಜನಿಗೆ ನೆಟ್‌ವರ್ಕ್ ತಂತಿ ಹಾಕುವ ಕಿಂಡಿ ಸತ್ತಿತ್ತು, ಕೀಲಿಮಣೆಯಲ್ಲಿ ಎರಡು ಅಕ್ಷರ ಉದುರಿದ್ದವು, ಕಣ್ಣು ತೆರೆಯಲು ನಾಲ್ಕು ನಿಮಿಷ ಬೇಕಿತ್ತು. ಬೆಳಗಿನ ಸುತ್ತಿನಲ್ಲಿ ಪ್ಲಗ್ಗಮ್ಮ ಅದಕ್ಕೆ ಮೊದಲು ಸ್ವಿಚ್ ಹಾಕಿ, ಉಳಿದವನ್ನೆಲ್ಲ ಮುಗಿಸಿ, ಕೊನೆಗೆ ಬಂದು ಕೈ ಇಟ್ಟು, “ಎದ್ಯೇನಪ್ಪಾ?” ಎನ್ನುತ್ತಿದ್ದರು.

ಇಂಥ ಕೋಣೆಗೆ ಆ ವರ್ಷ ಒಂದು ಗಂಡಾಂತರ ಬಂತು; ಬಂದದ್ದು ಒಳ್ಳೆಯ ಸುದ್ದಿಯ ವೇಷದಲ್ಲಿ. ಸರ್ವರ್ ನಿರ್ವಹಣೆಯ ಹೊಸ ಕೋರ್ಸೊಂದನ್ನು ಕೊಡಲು ಮೇಲಿನ ಕಚೇರಿ ಒಪ್ಪಿತು. ಷರತ್ತು ಒಂದೇ: ಕನಿಷ್ಠ ಇಪ್ಪತ್ತು ಯಂತ್ರಗಳಲ್ಲಿ ವರ್ಚುವಲೈಸೇಶನ್ ಸೌಲಭ್ಯ ಇರಬೇಕು. ಹಾಗೆಂದರೆ, ಒಂದೇ ಯಂತ್ರದ ಹೊಟ್ಟೆಯಲ್ಲಿ ಮೂರು ನಾಲ್ಕು ಯಂತ್ರಗಳು ಸಂಸಾರ ಹೂಡಬೇಕು. ಪ್ರತಿಯೊಂದೂ ತಾನೇ ಪೂರ್ತಿ ಯಂತ್ರ ಎಂದುಕೊಂಡು ಓಡಬೇಕು. ಇದಕ್ಕೆ ಪ್ರೊಸೆಸರ್ ಚಿಪ್ಪಿನಲ್ಲಿ ಹುಟ್ಟಾ ಒಂದು ಅನುಕೂಲ ಇರಬೇಕಾಗುತ್ತದೆ. ಇಪ್ಪತ್ತು ಯಂತ್ರ ಸಿಗದಿದ್ದರೆ ಕೋರ್ಸಿಲ್ಲ. ಕೋರ್ಸಿಲ್ಲದಿದ್ದರೆ ಕೋಣೆಯೂ ಇಲ್ಲ: ಯಂತ್ರಗಳು ಗುಜರಿಗೆ, ಕೋಣೆ ಪ್ರಾಂಶುಪಾಲರ ಸಭಾಂಗಣಕ್ಕೆ, ಪ್ಲಗ್ಗಮ್ಮ ನಿವೃತ್ತಿಯಾಗುವ ತನಕ ಎರಡು ವರ್ಷ ರವಾನೆ ವಿಭಾಗದಲ್ಲಿ ಲಕೋಟೆಗೆ ಅಂಟು ಹಚ್ಚುವುದಕ್ಕೆ.

ಪ್ರಾಂಶುಪಾಲರು ಕೆಟ್ಟವರಲ್ಲ. ಮೊಟ್ಟೆಯಾಕಾರದ ಮೇಜಿನ ಸುತ್ತ ಹದಿನಾರು ಕುರ್ಚಿ ಹಾಕಿ, ತುದಿಯ ಕುರ್ಚಿಯಲ್ಲಿ ತಾವು ಕೂರಬೇಕೆಂಬುದು ಅವರ ಬಹುದಿನದ ಆಸೆ, ಅಷ್ಟೇ. ಒಂದು ಮಧ್ಯಾಹ್ನ ಟೇಪು ತಂದು ಕೋಣೆಯ ಉದ್ದಗಲ ಅಳೆದರು. ಟೇಪಿನ ಇನ್ನೊಂದು ತುದಿ ಹಿಡಿಯಲು ಬೇರೆ ಯಾರೂ ಸಿಗದೆ ಪ್ಲಗ್ಗಮ್ಮನೇ ಹಿಡಿದರು.

“ಸುಮ್ನೆ ಅಳೀತಿದ್ದೀನಿ ಅಷ್ಟೇನಮ್ಮ.”

“ಅಳೀರಿ ಸಾರ್. ಅಳೆದ್ರೆ ಸವೆಯೋದಿಲ್ಲ.”

ಪ್ಲಗ್ಗಮ್ಮನಿಗೆ ಭಯವೇನೂ ಇರಲಿಲ್ಲ. ಆ ಇಪ್ಪತ್ಮೂರರ ಯೋಗ್ಯತೆ ಅವರಿಗೆ ಗೊತ್ತಿತ್ತು. ಮೂರು ತಿಂಗಳಿಂದ ಒಂಬತ್ತನೇ ನಂಬರಿನ ಯಂತ್ರದೊಳಗೆ ಮೂರು ಯಂತ್ರಗಳನ್ನು ಸಾಕಿ, ದೊಡ್ಡವನು, ನಡುವಿನವನು, ಚಿಕ್ಕವನು ಎಂದು ಕರೆದು, ಒಂದರಿಂದ ಒಂದಕ್ಕೆ ಫೈಲು ಕಳಿಸುವುದನ್ನು ಕಲಿತಿದ್ದರು. ಎದುರಿಗಿದ್ದ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಹೋದ ಅಕ್ಕತಂಗಿಯರಿಬ್ಬರನ್ನೂ ಸೇರಿಸಿ ಇಪ್ಪತ್ತೆರಡು ಜನರ ಅರ್ಜಿ ತುಂಬಿಸಿದ್ದರು. “ಇಸ್ತ್ರಿ ಪೆಟ್ಟಿಗೆ ಹಿಡಿದ ಕೈಗೆ ಇದು ಬರುತ್ತಾ ಅಕ್ಕಾ?” ಎಂದು ದೊಡ್ಡವಳು ಅನುಮಾನಿಸಿದಾಗ, “ನಾನು ಫೋನ್ ವೈರು ಹಿಡಿದಿದ್ದ ಕೈ, ನನಗೆ ಬರಲಿಲ್ವಾ?” ಎಂದಿದ್ದರು.

ಷರತ್ತು ಪೂರೈಸಿದೆಯೇ ಎಂದು ನೋಡಲು ಮೇಲಿನ ಕಚೇರಿಯಿಂದ ತಪಾಸಣೆ ಸಾಹೇಬರು ಬಂದದ್ದು ಒಂದು ಮಂಗಳವಾರ. ಜೇಬಿನಲ್ಲಿ ಎರಡು ಪೆನ್ನು, ಕೈಯಲ್ಲಿ ಮೂರನೆಯದು. ಬಂದವರೇ ಪರಿಚಯದ ಕಾರ್ಡು ಕೊಟ್ಟರು. ಮುಂಬದಿಯಲ್ಲಿ ಹುದ್ದೆ, ಹಿಂಬದಿಯಲ್ಲಿ ಅವರು ಪಡೆದ ಸರ್ಟಿಫಿಕೇಟುಗಳ ಪಟ್ಟಿ, ಒಟ್ಟು ಹದಿನಾಲ್ಕು. ಕೊನೆಯ ಮೂರನ್ನು ಕನ್ನಡಕ ಹಾಕಿಯೂ ಓದಲಾಗದಷ್ಟು ಸಣ್ಣಗೆ ಅಚ್ಚು ಮಾಡಿಸಿದ್ದರು. ಆಮೇಲೆ ಒಂದು ಪೆನ್ ಡ್ರೈವನ್ನು ಬೆಳಕಿಗೆ ಹಿಡಿದು ತೋರಿಸಿದರು.

“ಇದರಲ್ಲಿ ನನ್ನ ಪ್ರೋಗ್ರಾಮ್ ಇದೆ. ನಾನೇ ಬರೆದದ್ದು. ಯಂತ್ರಕ್ಕೆ ಚುಚ್ಚಿದ್ರೆ ಆಪರೇಟಿಂಗ್ ಸಿಸ್ಟಮ್ ಕೊಡೋ ವರದಿನ ತಾನೇ ತೆಗೆದು, ತಾನೇ ಓದಿ, ಒಂದೇ ಮಾತಲ್ಲಿ ಹೇಳುತ್ತೆ. ಹೌದು, ಇಲ್ಲ. ನಾವು ತಲೆ ಕೆಡಿಸ್ಕೊಳ್ಳೋ ಹಾಗೇ ಇಲ್ಲ.”

“ಒಳ್ಳೇದು ಸಾರ್. ಪ್ಲಗ್ ಎಲ್ಲ ನೋಡಿದ್ದೀನಿ.”

ಒಂದನೇ ಯಂತ್ರಕ್ಕೆ ಚುಚ್ಚಿದರು. ‘ಇಲ್ಲ’ ಎಂದು ಬಂತು. ಎರಡು, ಇಲ್ಲ. ಮೂರು, ಇಲ್ಲ. ಸಾಹೇಬರು ಮೊದಲ ಸಾಲು ಮುಗಿಸುವ ಹೊತ್ತಿಗೆ ಪ್ಲಗ್ಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಿದ್ದರು. ಒಂಬತ್ತನೆಯದಕ್ಕೂ ‘ಇಲ್ಲ’. ಇಪ್ಪತ್ಮೂರರ ತನಕ ಒಂದೇ ಉತ್ತರ. ಕೊನೆಗೆ ಮೂಲೆಯ ಅಜ್ಜ. ಸಾಹೇಬರು ಚುಚ್ಚಿ, ಗಡಿಯಾರ ನೋಡಿ, ಕಿಟಕಿಯಾಚೆ ನೋಡಿ, ಮತ್ತೆ ಗಡಿಯಾರ ನೋಡಿದರು. ಬಹಳ ಹೊತ್ತಿನ ಮೇಲೆ ಪರದೆಯಲ್ಲಿ ಮೂಡಿತು: ‘ಹೌದು’.

“ನೋಡಿ, ಇದೊಂದು ಯಂತ್ರ ಚೆನ್ನಾಗಿದೆ” ಎಂದರು ಸಾಹೇಬರು.

ಪ್ಲಗ್ಗಮ್ಮನಿಗೆ ನಗು ಬಂದಿರಬೇಕಿತ್ತು, ಬರಲಿಲ್ಲ. “ಸಾರ್, ಎಲ್ಲೋ ತಪ್ಪಾಗಿದೆ. ಅಜ್ಜನಿಗೆ... ಇದಕ್ಕೆ ಎದ್ದು ಕೂರೋಕೇ ಶಕ್ತಿ ಇಲ್ಲ.”

“ಯಂತ್ರ ಸುಳ್ಳು ಹೇಳಲ್ಲಮ್ಮ.”

“ಬನ್ನಿ ಇಲ್ಲಿ” ಎಂದು ಅವರನ್ನು ಒಂಬತ್ತನೇ ನಂಬರಿಗೆ ಕರೆದುಕೊಂಡು ಹೋಗಿ, ದೊಡ್ಡವನು, ನಡುವಿನವನು, ಚಿಕ್ಕವನು ಮೂವರನ್ನೂ ಎಬ್ಬಿಸಿದರು. ಒಂದೇ ಪರದೆಯಲ್ಲಿ ಮೂರು ಕಿಟಕಿ, ಮೂರರಲ್ಲೂ ಒಂದೊಂದು ಯಂತ್ರ ಎದ್ದು ಕೂತಿತು. “ಈ ಸೌಲಭ್ಯ ಇಲ್ದೆ ಇದು ಹೇಗೆ ಓಡುತ್ತೆ ಹೇಳಿ?”

ಸಾಹೇಬರು ಬಗ್ಗಿ ನೋಡಿದರು. ನೆಟ್ಟಗಾದರು. “ಓಡ್ತಾ ಇರೋದು ಬೇರೆ, ಬೆಂಬಲ ಇರೋದು ಬೇರೆ.”

“ಅಂದ್ರೆ?”

“ಇದು ಪ್ರದರ್ಶನ. ನನಗೆ ಬೇಕಾದ್ದು ವರದಿ. ಫಾರಂನಲ್ಲಿ ಪ್ರದರ್ಶನಕ್ಕೆ ಕಾಲಮ್ ಇಲ್ಲ.”

ಕಾರ್ಯನಿರ್ವಹಣೆ ತೋರಿಸುವ ಇನ್ನೊಂದು ಕಿಟಕಿಯನ್ನು ತೆರೆದರು ಪ್ಲಗ್ಗಮ್ಮ. ಅಲ್ಲಿ ಪ್ರೊಸೆಸರಿನ ಕೆಳಗೆ ಸ್ಪಷ್ಟವಾಗಿ ‘ವರ್ಚುವಲೈಸೇಶನ್: ಸಕ್ರಿಯ’ ಎಂದಿತ್ತು. ಸಾಹೇಬರು ಅದಕ್ಕೂ ಕಾಲಮ್ ಇಲ್ಲವೆಂದರು. ಒಂದೇ ಆಪರೇಟಿಂಗ್ ಸಿಸ್ಟಮ್ ಒಂದು ಕಿಟಕಿಯಲ್ಲಿ ಹೌದೆಂದೂ ಇನ್ನೊಂದರಲ್ಲಿ ಇಲ್ಲವೆಂದೂ ಹೇಳಿದರೆ ಯಾವುದನ್ನು ನಂಬಬೇಕೆಂದು ಕೇಳಿದ್ದಕ್ಕೆ, “ನನ್ನ ಪ್ರೋಗ್ರಾಮನ್ನ” ಎಂದರು. ನಾಳೆ ಹನ್ನೊಂದಕ್ಕೆ ಬಂದು ಸಹಿ ಹಾಕುತ್ತೇನೆ, ಅಷ್ಟರೊಳಗೆ ಸರಿಪಡಿಸುವುದಿದ್ದರೆ ಸರಿಪಡಿಸಿ ಎಂದು ಹೊರಟರು. ಬಾಗಿಲಲ್ಲಿ ಪ್ರಾಂಶುಪಾಲರು ನಿಂತಿದ್ದರು. ಅವರ ಜೇಬಿನಿಂದ ಟೇಪಿನ ತುದಿ ಹೊರಗೆ ಇಣುಕುತ್ತಿತ್ತು.

ಉಳಿದ ಎರಡು ಗಂಟೆ ಪ್ಲಗ್ಗಮ್ಮ ತಮ್ಮ ಪದ್ಧತಿಯಂತೆ ಕೆಳಗಿನಿಂದ ಮೇಲಕ್ಕೆ ಬಂದರು. ಮೊದಲು ಚಿಪ್ಪು: ಅದರ ಮಾದರಿ ಸಂಖ್ಯೆ ಹಿಡಿದು ತಯಾರಕರ ಪಟ್ಟಿಯಲ್ಲಿ ನೋಡಿದರು, ಸೌಲಭ್ಯ ಇತ್ತು. ಆಮೇಲೆ ಮದರ್‌ಬೋರ್ಡಿನ ಸೆಟಪ್ಪು, ಅಂದರೆ ಯಂತ್ರ ಎದ್ದೇಳುವ ಮೊದಲೇ ಬರುವ ಆ ನೀಲಿ ಪರದೆ. ಚಿಪ್ಪಿನಲ್ಲಿ ಸೌಲಭ್ಯ ಇದ್ದರೂ ಅಲ್ಲಿ ಬೀಗ ಹಾಕಿದ್ದರೆ ಉಪಯೋಗವಿಲ್ಲ. ಇಪ್ಪತ್ಮೂರನ್ನೂ ಒಂದೊಂದಾಗಿ ಆರಿಸಿ ಹೊತ್ತಿಸಿ ನೋಡಿದರು. ಬೀಗ ತೆಗೆದೇ ಇತ್ತು. ಉಳಿದದ್ದು ಆಪರೇಟಿಂಗ್ ಸಿಸ್ಟಮ್ ಒಂದೇ. ಸಾಹೇಬರ ಪ್ರೋಗ್ರಾಮ್ ಯಾವ ವರದಿಯನ್ನು ಓದಿತ್ತೋ ಆ ವರದಿಯನ್ನು ತಾವೇ ಒಂಬತ್ತನೆಯದರಿಂದಲೂ ಅಜ್ಜನಿಂದಲೂ ತೆಗೆದು, ಮುದ್ರಿಸಿ, ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು.

ಮನೆಯಲ್ಲಿ ಬೇರೆಯೇ ಗಲಾಟೆ ನಡೆದಿತ್ತು. ಮನೆ ಎಂದರೆ ಕೆಳಗೆ ಮೂರು ಕೋಣೆ, ಮೇಲೊಂದು. ಕೆಳಗೆ ಪ್ಲಗ್ಗಮ್ಮ, ಅವರ ಯಜಮಾನರು, ಎಂಬತ್ನಾಲ್ಕರ ಅತ್ತೆ. ಮೇಲಿನ ಕೋಣೆಯಲ್ಲಿ ಆರು ವರ್ಷದಿಂದ ಒಬ್ಬ ಟೈಲರ್ ಬಾಡಿಗೆಗಿದ್ದ. ಅವನ ಹೊಲಿಗೆ ಯಂತ್ರದ ಟರ್‌ರ್ ಸದ್ದು ಕೆಳಗಿನವರಿಗೆ ಗೋಡೆ ಗಡಿಯಾರದಷ್ಟು ಅಭ್ಯಾಸವಾಗಿತ್ತು. ಯಜಮಾನರು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು, ಈಗ ನಿವೃತ್ತರು. ಕೈ ಸುಮ್ಮನಿರಲಾರದೆ ಮನೆಯ ತುಂಬ ‘ಬಾಗಿಲು ಮುಚ್ಚಿರಿ’, ‘ನಲ್ಲಿ ನಿಲ್ಲಿಸಿರಿ’ ಎಂದು ಬರೆದಿಟ್ಟಿದ್ದರು. ಅತ್ತೆಯ ಮಂಚದ ಮೇಲ್ಗಡೆ ‘ಶಾಂತಿ’ ಎಂದಿತ್ತು. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ.

ಅಂದು ಮಧ್ಯಾಹ್ನ ಮನೆಗಳ ಸಮೀಕ್ಷೆ ಮಾಡುವ ಹುಡುಗಿ ಬಂದಿದ್ದಳಂತೆ. ಯಜಮಾನರು ಮಲಗಿದ್ದರು. ಅತ್ತೆಯೇ ಬಾಗಿಲು ತೆರೆದು ಉತ್ತರ ಕೊಟ್ಟಿದ್ದರು.

“ಎಷ್ಟು ಕೋಣೆ ಅಂತ ಕೇಳಿದ್ದಕ್ಕೆ ಮೂರು ಅಂದಿದ್ದಾಳೆ ಕಣೇ ನಮ್ಮಮ್ಮ!” ಎಂದು ಯಜಮಾನರು ದೂರು ಕೊಟ್ಟರು. “ಆ ಹುಡುಗಿ ಮೆಟ್ಟಿಲು ತೋರಿಸಿ, ಮೇಲೆ ಏನಿದೆ ಅಜ್ಜಿ ಅಂತಾನೂ ಕೇಳಿದ್ಲಂತೆ. ಮೇಲಿನದನ್ನ ತೋರಿಸದೇ ಹಾಗೇ ಕಳಿಸಿದ್ದಾಳೆ. ಈಗ ಸರ್ಕಾರದ ಕಾಗದದಲ್ಲಿ ನಮ್ಮ ಮನೆಗೆ ಮಹಡೀನೇ ಇಲ್ಲ.”

“ಇದೆಯಾ?” ಎಂದರು ಅತ್ತೆ ಮಂಚದಿಂದ.

“ಇಲ್ವಾ ಮತ್ತೆ? ನಿನ್ನ ತಲೆ ಮೇಲೆ ಟರ್‌ರ್ ಅಂತಿದೆಯಲ್ಲ, ಅದೇನು?”

“ಅದು ಟೈಲರಪ್ಪನ ಕೋಣೆ. ಅವನು ಅದರೊಳಗೆ ಇದ್ದಾನೆ. ಇರೋವಾಗ ನಮ್ಮ ಕೋಣೆ ಅಂತ ನಾನು ಹೇಗೆ ತೋರಿಸ್ಲಿ? ಅವಳು ಒಳಗೆ ನುಗ್ಗಿ, ಇಲ್ಲೊಂದು ಕೋಣೆ ಖಾಲಿ ಇದೆ ಅಂತ ಬರ್ಕೊಂಡ್ರೆ? ಕೋಣೆ ತೋರಿಸಲ್ಲ ಅಂದೆ. ಒಬ್ಬ ಇದ್ದಾನೆ ಅಂತ ಹೇಳ್ದೆ, ಅದನ್ನ ಅವಳು ಬರ್ಕೊಳ್ಳಲಿಲ್ಲ. ಕೋಣೆ ಎಷ್ಟು ಅಂತಾನೇ ಮತ್ತೆ ಮತ್ತೆ ಕೇಳಿದ್ಲು. ಅವಳ ಹತ್ರ ಎಂಥದೋ ಫಾರಮ್ಮು.”

ಪ್ಲಗ್ಗಮ್ಮ ಚಪ್ಪಲಿ ಬಿಡುತ್ತಿದ್ದವರು ಒಂದು ಕಾಲಲ್ಲೇ ನಿಂತರು. ಆಮೇಲೆ ಚೀಲದಿಂದ ಕಾಗದಗಳನ್ನು ತೆಗೆದು, ಊಟದ ಮೇಜಿನ ಮೇಲೆ ಪಕ್ಕಪಕ್ಕ ಹರಡಿದರು.

ಅಜ್ಜನ ವರದಿಯ ಕೊನೆಯಲ್ಲಿ ನಾಲ್ಕು ಸಾಲುಗಳಿದ್ದವು, ನಾಲ್ಕರ ಮುಂದೂ ‘ಹೌದು’. ಒಂಬತ್ತನೆಯದರ ವರದಿಯಲ್ಲಿ ಆ ನಾಲ್ಕು ಸಾಲುಗಳೇ ಇರಲಿಲ್ಲ. ಅವುಗಳ ಜಾಗದಲ್ಲಿ ಒಂದೇ ವಾಕ್ಯ: ‘ಹೈಪರ್‌ವೈಸರ್ ಒಂದು ಪತ್ತೆಯಾಗಿದೆ. ಅದಕ್ಕೆ ಅಗತ್ಯವಾದ ವೈಶಿಷ್ಟ್ಯಗಳನ್ನು ತೋರಿಸಲಾಗುವುದಿಲ್ಲ.’

ತೋರಿಸಲಾಗುವುದಿಲ್ಲ. ಇಲ್ಲ ಎಂದು ಅದು ಎಲ್ಲಿಯೂ ಹೇಳಿರಲಿಲ್ಲ.

ಹೈಪರ್‌ವೈಸರ್ ಎಂದರೆ ಒಳಗಿನ ಯಂತ್ರಗಳನ್ನೆಲ್ಲ ಸಾಕುವ ಮೇಲ್ವಿಚಾರಕ. ಚಿಪ್ಪಿನ ಆ ವಿಶೇಷ ಸೌಲಭ್ಯವನ್ನು ವಹಿಸಿಕೊಂಡು ಕೂರುವವನು. ಒಂಬತ್ತನೆಯದರಲ್ಲಿ ಅವನು ಇರುವುದು ಸರಿ, ಪ್ಲಗ್ಗಮ್ಮನೇ ಕೂರಿಸಿದ್ದರು. ಆದರೆ ಉಳಿದ ಇಪ್ಪತ್ತೆರಡರಲ್ಲಿ? ಎರಡು ನಿಮಿಷ ಹಣೆ ಒತ್ತಿಕೊಂಡ ಮೇಲೆ ಅದೂ ನೆನಪಾಯಿತು. ಕಳೆದ ತಿಂಗಳು ನೆಟ್‌ವರ್ಕಿನಲ್ಲಿ ಒಂದು ಅಪ್‌ಡೇಟ್ ಬಂದಿತ್ತು. ಯಂತ್ರದ ಮೆಮೊರಿಯೊಳಗೆ ಕಳ್ಳ ಪ್ರೋಗ್ರಾಮುಗಳು ನುಸುಳದಂತೆ ಕಾಯುವ ಹೊಸ ರಕ್ಷಣೆ. ಅದನ್ನು ಇಪ್ಪತ್ಮೂರು ಯಂತ್ರಗಳಿಗೂ ಹಾಕಿ, ‘ರಕ್ಷಣೆ ಸಕ್ರಿಯ’ ಎಂದು ಬಂದಾಗ ಹೆಮ್ಮೆಪಟ್ಟವರು ಅವರೇ. ಆ ಕಾವಲುಗಾರನೂ ಇದೇ ಸೌಲಭ್ಯದ ಮೇಲೆ ಕೂತು ಕಾಯುವವನು. ಅಂದರೆ ಇಪ್ಪತ್ಮೂರರಲ್ಲೂ ಬಾಡಿಗೆದಾರ ಆಗಲೇ ಬಂದು ಸೇರಿದ್ದ. ಅಜ್ಜನಿಗೆ ನೆಟ್‌ವರ್ಕ್ ಇಲ್ಲ, ಅಪ್‌ಡೇಟ್ ಬರಲಿಲ್ಲ, ಮಹಡಿ ಖಾಲಿ. ಆದ್ದರಿಂದ ಬಾಗಿಲು ತೆರೆದು, ನೋಡಿ ಸ್ವಾಮಿ ಎಂದು ನಾಲ್ಕು ಸಲ ‘ಹೌದು’ ಅಂದಿದ್ದ. ಸಾಹೇಬರ ಪ್ರೋಗ್ರಾಮ್ ‘ಹೌದು’ಗಳನ್ನು ಎಣಿಸುತ್ತಿತ್ತು. ನಾಲ್ಕು ಸಿಕ್ಕರೆ ಹೌದು, ಸಿಗದಿದ್ದರೆ ಇಲ್ಲ. ಸಾಲೇ ಇಲ್ಲದಿದ್ದರೆ ಏನು ಮಾಡಬೇಕೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

“ಅತ್ತೆ, ನೀವು ಆಪರೇಟಿಂಗ್ ಸಿಸ್ಟಮ್ ಆಗ್ಬೇಕಿತ್ತು” ಎಂದರು ಪ್ಲಗ್ಗಮ್ಮ.

“ಬೈತಿದ್ದೀಯೇನೇ?”

“ಇಲ್ಲ, ಹೊಗಳ್ತಿದ್ದೀನಿ.”

“ಎರಡೂ ಒಂದೇ ಥರ ಕೇಳ್ಸುತ್ತೆ ನಿನ್ನ ಬಾಯಲ್ಲಿ.”

ಊಟಕ್ಕೆ ಕೂತಾಗ ಯಜಮಾನರು ಪೂರ್ತಿ ವಿಷಯ ಕೇಳಿ, ಅಂಗಡಿ ಬೋರ್ಡಿನ ಅಳತೆಗೆ ಸರಿಯಾಗಿ ಮೂರೇ ಮಾತಿನ ಉಪಾಯ ಹೇಳಿದರು. “ಎಲ್ಲಾದನ್ನೂ ಆಫ್ ಮಾಡಿಬಿಡು.” ಆಮೇಲೆ ಬಿಡಿಸಿ ಹೇಳಿದರು: “ಬೆಳಿಗ್ಗೆ ಬೇಗ ಹೋಗಿ ಇಪ್ಪತ್ಮೂರರಲ್ಲೂ ಆ ಕಾವಲಿನವನನ್ನ ಎಬ್ಬಿಸಿ ಕಳಿಸು. ಸಾಹೇಬ ಬರ್ಲಿ, ಹೌದು ಹೌದು ಅಂತ ಬರ್ಕೊಳ್ಳಲಿ. ಹೋದ್ಮೇಲೆ ಮತ್ತೆ ಕರೆಸ್ಕೋ.”

“ಮನೆ ನೋಡೋಕೆ ಯಾರೋ ಬರ್ತಾರೆ ಅಂತ ಟೈಲರ್‌ನ ಗಂಟುಮೂಟೆ ಸಮೇತ ಬೀದೀಲಿ ನಿಲ್ಲಿಸ್ತೀರಾ?”

“ಅವನೊಬ್ಬ ಮನುಷ್ಯ.”

“ರಕ್ಷಣೆ ಇರಬೇಕು ಅಂತ ಹಾಕಿದ್ದು. ತೆಗೆದು ತೋರಿಸಿದ್ರೆ ವರದಿ ಸರಿಯಾಗುತ್ತೆ, ಆದ್ರೆ ತಪ್ಪು ಮಾಡಿದ್ದು ಯಂತ್ರಗಳು ಅಂತಾಗುತ್ತೆ. ಮುಂದಿನ ಸಲ ಇನ್ಯಾವನೋ ಅದೇ ಪೆನ್ ಡ್ರೈವ್ ತಂದು ಚುಚ್ಚಿ, ಇಲ್ಲ ಅಂತಾನೆ. ಆಗ ನಾನು ಇರಲ್ಲ.” ಮಜ್ಜಿಗೆಯ ಲೋಟ ಎತ್ತಿದವರು ಹಾಗೇ ಹಿಡಿದುಕೊಂಡರು. “ಎಕ್ಸ್‌ಚೇಂಜಲ್ಲಿ ಒಂದು ಸಲ ಸುಮ್ನಿದ್ದೆ. ಸಾಕು.”

ಮರುದಿನ ಹನ್ನೊಂದಕ್ಕೆ ಸರಿಯಾಗಿ ತಪಾಸಣೆ ಸಾಹೇಬರು ಬಂದರು. ಪ್ರಾಂಶುಪಾಲರೂ ಬಂದು ಗೋಡೆಗೆ ಒರಗಿ ನಿಂತರು. ಮಧ್ಯದ ಎರಡು ಸಾಲಿನ ಯಂತ್ರಗಳನ್ನು ಅವರು ಆಗಲೇ ಕಣ್ಣಿನಲ್ಲೇ ತೆಗೆದು, ಅಲ್ಲಿ ಮೇಜು ಹಾಕಿಯಾಗಿತ್ತು.

“ಸರಿಪಡಿಸಿದ್ರಾ?” ಎಂದರು ಸಾಹೇಬರು.

“ಕೆಟ್ಟಿರಲಿಲ್ಲ ಸಾರ್. ನೀವು ಒಂದು ನಂಬರ್ ಹೇಳಿ. ಯಾವುದಾದ್ರೂ ಸರಿ, ನನ್ನಿಷ್ಟದ್ದಲ್ಲ.”

ಸಾಹೇಬರು ಕೋಣೆಯನ್ನೆಲ್ಲ ನೋಡಿ, ಅತ್ಯಂತ ಧೂಳು ಹಿಡಿದಂತೆ ಕಂಡ ಹದಿನೇಳನ್ನು ಆರಿಸಿದರು. ಪ್ಲಗ್ಗಮ್ಮ ಅದರ ಮುಂದೆ ಕೂತರು. ಮೊದಲು ಅವರ ಪೆನ್ ಡ್ರೈವನ್ನೇ ಚುಚ್ಚಿದರು: ಇಲ್ಲ. ಆಮೇಲೆ ಮೆಮೊರಿ ಕಾಯುವ ರಕ್ಷಣೆಯನ್ನೂ ಅದರ ಕೆಳಗೆ ಕೂತಿದ್ದ ಹೈಪರ್‌ವೈಸರನ್ನೂ ನಿಲ್ಲಿಸಿ, ಯಂತ್ರ ಆರಿಸಿ ಹೊತ್ತಿಸಿದರು. ಪರದೆ ಬರುವವರೆಗೆ ಅಂಗೈ ಇಟ್ಟು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದರು. ಸಾಹೇಬರು ಗೌರವದಿಂದ ಎರಡು ಹೆಜ್ಜೆ ಹಿಂದೆ ಸರಿದರು.

“ಹದಿನೇಳು” ಎಂದರು ಪ್ಲಗ್ಗಮ್ಮ.

“ಹೌದು, ಹದಿನೇಳೇ ಹೇಳಿದ್ದು.”

“ನಂಬರ್ ಅಲ್ಲ ಸಾರ್, ಸೆಕೆಂಡು. ಚುಚ್ಚಿ ಈಗ.”

ಚುಚ್ಚಿದರು. ಹೌದು.

ಸಾಹೇಬರು ಪೆನ್ನಿನ ತುದಿ ಕಚ್ಚಿದರು. “ನಿನ್ನೆ ಇಲ್ಲದ್ದು ಇವತ್ತು ಎಲ್ಲಿಂದ ಬಂತು?”

“ಎಲ್ಲಿಂದಾನೂ ಬರಲಿಲ್ಲ. ಒಳಗಿದ್ದವನನ್ನ ಹೊರಗೆ ಕಳಿಸಿದೆ, ಮನೆ ಕಾಣಿಸ್ತು. ನೋಡ್ತಾ ಇರಿ, ಅವನನ್ನ ಮತ್ತೆ ಕರೀತೀನಿ.” ರಕ್ಷಣೆಯನ್ನು ಹಾಕಿ, ಮತ್ತೊಮ್ಮೆ ಆರಿಸಿ ಹೊತ್ತಿಸಿದರು. ಪೆನ್ ಡ್ರೈವ್ ಮತ್ತೆ ‘ಇಲ್ಲ’ ಎಂದಿತು. ಅದರ ಪಕ್ಕದಲ್ಲೇ ಅವರು ಪೂರ್ತಿ ವರದಿಯನ್ನು ತೆರೆದು, ಕೊನೆಗೆ ಇಳಿಸಿ, ಆ ವಾಕ್ಯದ ಕೆಳಗೆ ಬೆರಳಿಟ್ಟರು. “ಮೇಲ್ವಿಚಾರಕ ಕೂತ ಮೇಲೆ ಆಪರೇಟಿಂಗ್ ಸಿಸ್ಟಮ್ ಕೂಡ ಅವನ ಹೆಗಲ ಮೇಲೇ ಕೂರೋದು ಸಾರ್. ಚಿಪ್ಪನ್ನ ನೇರವಾಗಿ ಕೇಳೋಕೆ ಅದಕ್ಕೂ ಆಗಲ್ಲ. ಅದಕ್ಕೇ ಆ ನಾಲ್ಕು ಸಾಲು ತೋರಿಸಲ್ಲ ಅಂತ ಮರ್ಯಾದೆಯಾಗಿ ಹೇಳಿದೆ. ನಿಮ್ಮ ಪ್ರೋಗ್ರಾಮಿಗೆ ಅದು ಇಲ್ಲ ಅಂತ ಕೇಳಿಸಿದೆ. ಹೈಪರ್‌ವೈಸರ್ ಪತ್ತೆಯಾಗಿದೆ ಅಂದ್ರೆ ಸೌಲಭ್ಯ ಇದೆ ಅನ್ನೋದಕ್ಕಿಂತ ಒಂದು ಕೈ ಮೇಲು. ಇದೆ, ಕೆಲಸಾನೂ ಮಾಡ್ತಿದೆ.”

ಸಾಹೇಬರು ಇನ್ನೆರಡು ನಂಬರು ಹೇಳಿದರು, ನಾಲ್ಕು ಮತ್ತು ಇಪ್ಪತ್ತೊಂದು. ಎರಡರಲ್ಲೂ ಹಾಗೆಯೇ ಆಯಿತು. ಪೆನ್ ಡ್ರೈವನ್ನು ಒಮ್ಮೆ ಆಚೆ ಈಚೆ ತಿರುಗಿಸಿ ನೋಡಿ, ಅದರಲ್ಲೇ ಏನೋ ದೋಷವಿದ್ದಂತೆ ಜೇಬಿಗೆ ಹಾಕಿಕೊಂಡರು.

“ಆದರೆ ಫಾರಂನಲ್ಲಿ...” ಎಂದು ಶುರು ಮಾಡಿದರು.

“ಷರಾ ಅಂತ ಒಂದು ಕಾಲಮ್ ಇದೆ ಸಾರ್, ಕೊನೇಲಿ. ನಮ್ಮ ಪ್ರಾಂಶುಪಾಲರಿಗೆ ಗೊತ್ತು, ಷರಾ ಬರೆಯೋದ್ರಲ್ಲಿ ಅವರು ಪಳಗಿದ ಕೈ.”

ಪ್ರಾಂಶುಪಾಲರು ಗೋಡೆ ಬಿಟ್ಟು ನೆಟ್ಟಗಾದರು. ಮೇಜಿನ ಆಸೆಯೊಂದು ಕಡೆ, ಮೇಲಿನ ಕಚೇರಿಯವರ ಎದುರಿಗೆ ಷರಾದಲ್ಲಿ ಪಳಗಿದವರೆಂದು ಹೊಗಳಿಸಿಕೊಂಡದ್ದು ಇನ್ನೊಂದು ಕಡೆ. ಹೊಗಳಿಕೆ ಗೆದ್ದಿತು. ಕನ್ನಡಕ ಏರಿಸಿ, ಅಧಿಕಾರಯುತವಾಗಿ ಹೇಳಿ ಬರೆಸಿದರು: “‘ಹೈಪರ್‌ವೈಸರ್ ಪತ್ತೆಯಾಗಿರುವ ಕಾರಣ ವೈಶಿಷ್ಟ್ಯಗಳು ವರದಿಯಲ್ಲಿ ಕಾಣಿಸುವುದಿಲ್ಲ. ಸೌಲಭ್ಯ ಇದೆಯೆಂದು ಖುದ್ದಾಗಿ ಪರಿಶೀಲಿಸಲಾಗಿದೆ.’ ‘ಖುದ್ದಾಗಿ’ ಕೆಳಗೆ ಗೆರೆ ಎಳೀರಿ.”

ಸಾಹೇಬರು ಇಪ್ಪತ್ಮೂರು ‘ಇಲ್ಲ’ಗಳನ್ನು ಒಂದೊಂದಾಗಿ ಹೊಡೆದು ‘ಹೌದು’ ಎಂದು ತಿದ್ದಿ, ಪ್ರತಿ ತಿದ್ದುಪಡಿಗೂ ಸಣ್ಣ ಸಹಿ ಹಾಕಿದರು. ಮುಗಿಸಿ ಪೆನ್ನು ಮುಚ್ಚುವಾಗ ಪ್ಲಗ್ಗಮ್ಮ, “ಇಪ್ಪತ್ನಾಲ್ಕನೇದನ್ನ ‘ಇಲ್ಲ’ ಮಾಡಿ ಸಾರ್” ಎಂದರು.

“ಅದು ನಾಲ್ಕು ಸಲ ಹೌದು ಅಂದಿದೆಯಲ್ಲ!”

“ಚಿಪ್ಪಲ್ಲಿ ಇದೆ, ಸುಳ್ಳೇನಲ್ಲ. ಆದ್ರೆ ಮೆಮೊರಿ ಸಾಲದು. ಹೊಟ್ಟೆಗೆ ಇನ್ನೊಂದು ಯಂತ್ರ ಹಾಕಿದ್ರೆ ಅಜ್ಜ ಅಲ್ಲೇ ಮಲಗಿಬಿಡ್ತಾನೆ. ಮಕ್ಕಳು ಕಲಿಯೋಕೆ ಕೂತು ಪೇಚಾಡೋದು ಬೇಡ. ಇಪ್ಪತ್ಮೂರು ಸಾಕಲ್ಲ?”

ಸಾಹೇಬರು ತಿದ್ದಿದರು. ಅರ್ಹ ಯಂತ್ರಗಳು ಇಪ್ಪತ್ಮೂರು, ಕೋರ್ಸಿಗೆ ಶಿಫಾರಸು ಎಂದು ಬರೆದು ದೊಡ್ಡ ಸಹಿ ಹಾಕಿದರು. ಪ್ರಾಂಶುಪಾಲರು ಜೇಬಿನ ಟೇಪನ್ನು ಒಳಕ್ಕೆ ತಳ್ಳಿ, ಕೋರ್ಸಿನ ಉದ್ಘಾಟನೆಗೆ ತಾವು ಆಡಬೇಕಾದ ಮಾತುಗಳನ್ನು ಯೋಚಿಸುತ್ತಾ ಕೆಳಗಿಳಿದುಹೋದರು. ಪ್ಲಗ್ಗಮ್ಮ ಮೇಜಿನ ಖಾನೆಯಿಂದ ಅರ್ಜಿಗಳ ಕಟ್ಟು ತೆಗೆದು, ಲಾಂಡ್ರಿಯ ಅಕ್ಕತಂಗಿಯರ ಫೋನ್ ನಂಬರು ಹುಡುಕತೊಡಗಿದರು.

ಸಾಹೇಬರು ಹೊರಡಲಿಲ್ಲ. ಫಾರಮ್ಮುಗಳನ್ನು ಚೀಲಕ್ಕೆ ಹಾಕಿದರು, ತೆಗೆದರು, ಜೋಡಿಸಿ ಮತ್ತೆ ಹಾಕಿದರು. ಕೊನೆಗೆ ಮೇಜಿನ ಹತ್ತಿರ ಬಂದು, ದನಿ ತಗ್ಗಿಸಿ, ಹದಿನೈದನೆಯ ಸರ್ಟಿಫಿಕೇಟಿಗೆ ಕಾರ್ಡಿನಲ್ಲಿ ಇನ್ನೂ ಜಾಗವಿದೆ ಎಂಬಂತೆ ಕೇಳಿದರು.

“ಅಮ್ಮಾ, ತಪ್ಪು ತಿಳ್ಕೋಬೇಡಿ. ಇದು ತುಂಬಾ ಮೇಲ್ಮಟ್ಟದ ವಿಷಯ, ಎಲ್ಲರಿಗೂ ಗೊತ್ತಿರಲ್ಲ. ಇದಕ್ಕೆ ನೀವು ಯಾವ ಕೋರ್ಸ್ ಮಾಡಿದ್ರಿ?”

ಪ್ಲಗ್ಗಮ್ಮ ಫೋನಿನಿಂದ ತಲೆ ಎತ್ತಲಿಲ್ಲ.

“ಕೋರ್ಸೇನಿಲ್ಲ ಸಾರ್. ಪರದೆ ಮೇಲೆ ಬರೆದಿತ್ತು, ಓದಿದೆ.”